ಅಲಾರಂ

ಮುಖಕ್ಕೆ ಬಿಸಿಲು ಬಿದ್ದಾಗ ತಿಪ್ಪೇಶ ಧಡಕ್ಕನೆ ಎದ್ದು ಕೂತ. ಚಿತ್ರದುರ್ಗದಲ್ಲಿ ಪೊಲೀಸ್ ಆಯ್ಕೆಯ ಓಟ ಆಗಲೇ ಶುರುವಾಗಿರಬೇಕು. ಚಳ್ಳಕೆರೆಯ ಬಾಡಿಗೆ ರೂಮಿನಲ್ಲಿ, ಅವನ ಜೊತೆಗೇ ಓಡಬೇಕಿದ್ದ ಗೆಳೆಯ ಪಾಲಯ್ಯನ ಚಾಪೆ ಖಾಲಿಯಾಗಿತ್ತು.

ತಿಪ್ಪೇಶ ಸ್ಪೋರ್ಟ್ಸ್ ವಾಚು ನೋಡಿಕೊಂಡ. ಅಗ್ಗದ್ದಾದರೂ ಕುರಿತೊಟ್ಟಿಯ ನೀರಿಗೆ ಬಿದ್ದು, ಬಂಡೆಗೆ ಬಡಿದು, ಒಮ್ಮೆಯೂ ಕೆಟ್ಟಿರಲಿಲ್ಲ. ಈಗಲೂ ಸರಿಯಾಗಿಯೇ ಓಡುತ್ತಿತ್ತು. ಆದರೆ ಮಲಗುವಾಗ ಅವನು ಇಟ್ಟಿದ್ದ ಅಲಾರಂ ಅನ್ನು ಯಾರೋ ಆಫ್ ಮಾಡಿದ್ದರು. ಸ್ಟಾಪ್‌ವಾಚು, ಲೈಟು, ಅಲಾರಂ, ಎಲ್ಲದರ ಗುಂಡಿಯನ್ನೂ ಪಾಲಯ್ಯನಿಗೆ ಅವನೇ ಅಕ್ಕರೆಯಿಂದ ಕಲಿಸಿದ್ದ.

ಸಂಜೆ ಪಾಲಯ್ಯ ಬಂದ. "ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ಲ ಕಣಲೇ. ಅಗ್ಗದ ವಾಚು ನಂಬಿದ್ರೆ ಇಷ್ಟೇ."

"ವಾಚು ಚೆನ್ನಾಗೈತೆ," ಎಂದ ತಿಪ್ಪೇಶ. "ಅಲಾರಂ ಆಫ್ ಮಾಡಿದ್ದು ನೀನು."

ಪಾಲಯ್ಯ ಬಹಳ ಹೊತ್ತು ಶೂ ಬಿಚ್ಚುತ್ತಲೇ ಇದ್ದ. ಕೊನೆಗೆ ತಲೆ ಎತ್ತದೆ ಹೇಳಿದ: "ನೀನು ಓಡಿದ್ರೆ ನಂಗೆ ಕೆಲ್ಸ ಸಿಗ್ತಿತ್ತೇನಲೇ?"