ಮೂಲೆ ಬಿಟ್ಟು ಬಾರದ್ದು

"ತೊಟ್ಟಿ ತಂದದ್ದೇ ಅದಕ್ಕೋಸ್ಕರ, ಡಾಕ್ಟ್ರೇ. ಅದು ನೋಡಿದ್ರೆ ಮೂಲೆ ಬಿಟ್ಟು ಬರ್ತಾನೇ ಇಲ್ಲ. ನಾನು ಕೇಳ್ಬೇಕು ಅಂತಿದ್ದದ್ದು ಏನಂದ್ರೆ—"

"ಗೊತ್ತಾಯ್ತು ಬಿಡಿ," ಎಂದ ಫೋನಿನಲ್ಲಿ ಸಾಕುಮೀನಿನಂಗಡಿಯ ಯಜಮಾನ.

ಅವನಿಗೆ ಯಾವಾಗಲೂ ಗೊತ್ತಾಗಿಬಿಡುತ್ತಿತ್ತು. ಮೀನಿನ ವಿಷಯದಲ್ಲಿ ಜಗತ್ತು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ತಯಾರಿದ್ದುದರಿಂದ, ಪ್ರಶ್ನೆ ಕೇಳಿಸಿಕೊಳ್ಳುವ ತಾಪತ್ರಯವನ್ನು ಎಂದೋ ಬಿಟ್ಟಿದ್ದ. ಪೇಟೆಯವರು ಗೇಲಿಗೆಂದು ಅವನನ್ನು ಡಾಕ್ಟರ್ ಎಂದು ಕರೆದರು. ಅವನು ಅದನ್ನೇ ಬೋರ್ಡಿನಲ್ಲಿ ಬರೆಸಿಬಿಟ್ಟ.

"ಹೊಟ್ಟೆಗೆ ಏನಾದ್ರೂ ತಗೊಳ್ತಿದೆಯಾ?"

"ಬಾಯಿಗೆ ಹಾಕ್ಕೊಳ್ಳುತ್ತೆ, ಉಗುಳಿಬಿಡುತ್ತೆ."

"ಸದ್ದಿಗೆ ಬೆದರುತ್ತಾ?"

"ಒಂದು ಚಮಚ ಬಿದ್ರೂ ಸಾಕು. ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಇರುತ್ತೆ, ಪಾಪ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮೀನಿಗೆ ಕಣ್ಣುರೆಪ್ಪೆಯೇ ಇಲ್ಲವೆಂದು ಗೊತ್ತಿಲ್ಲದ ಜನರೂ ತೊಟ್ಟಿ ಕೊಳ್ಳುತ್ತಾರಲ್ಲ, ಅವರ ಧೈರ್ಯ ಮೆಚ್ಚಬೇಕು.

"ಅವು ಮಲಗೋದೇ ಹಾಗೆ. ಹೊಸ ಜಾಗ, ನೀರು ಒಗ್ಗಿಲ್ಲ ಅಷ್ಟೇ. ಮನೆಮಂದಿಯೆಲ್ಲ ಎದುರಿಗೆ ನಿಂತು ದಿಟ್ಟಿಸಬೇಡಿ. ಲೈಟು ಕಡಿಮೆ ಮಾಡಿ. ಅವಿತುಕೊಳ್ಳೋಕೆ ಒಂದು ಜಾಗ ಮಾಡಿಕೊಡಿ. ನೀರಿಗೆ ಚಿಟಿಕೆ ಉಪ್ಪು ಹಾಕಿ."

"ಸಕ್ಕರೆ ಬೇಡ್ವಾ?"

"ಸಕ್ಕರೆ!" ಡಾಕ್ಟರ್ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ದುರುಗುಟ್ಟಿ ನೋಡಿದ. "ನಾವೇನು ಶರಬತ್ತು ಮಾಡ್ತಿದೀವಾ, ಅಮ್ಮಾ?"

ಗಲ್ಲಾಪೆಟ್ಟಿಗೆಯ ಹಿಂದಿದ್ದ ಹೆಂಡತಿ ತಲೆ ಎತ್ತಿದಳು. "ರೀ, ಅವರಿಗೆ ತೊಟ್ಟಿ ಮಾರಿದ್ದು ನಾನು. ಬರೀ—"

"ನೀನು ಮಾರಿದ್ದಕ್ಕೇ ಈ ಗತಿ."

ಅವಳು ಮತ್ತೆ ಮೀನಿನ ಆಹಾರವನ್ನು ಪೊಟ್ಟಣ ಕಟ್ಟತೊಡಗಿದಳು. ಮದುವೆಯಾದಂದಿನಿಂದ ಅರ್ಧ ವಾಕ್ಯಗಳಲ್ಲೇ ಸಂಸಾರ ತೂಗಿಸಿದವಳು ಅವಳು. ಹೊಸ ತೊಟ್ಟಿಯ ನೀರು ಹದಕ್ಕೆ ಬರುವವರೆಗೆ ಮೀನು ಕೊಡಲಾಗುವುದಿಲ್ಲ ಎಂದು ಅಂಗಡಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದು ಡಾಕ್ಟರ್. ಪಾಲಿಸುತ್ತಿದ್ದುದು ಮಾತ್ರ ಹೆಂಡತಿ.

ಕೆಲವು ದಿನ ಕಳೆದು ಮತ್ತೆ ಫೋನು.

"ನಮ್ಮಲ್ಲಿ ದೊಡ್ಡವು ಇನ್ನೆರಡಿವೆ, ಡಾಕ್ಟ್ರೇ. ಅವು ಹತ್ತಿರ ಬಂದ್ರೆ ಇದು ಓಡಿಹೋಗಿ ಅವಿತುಕೊಳ್ಳುತ್ತೆ."

"ಕಚ್ಚುತ್ತಾವಾ?"

"ಅಯ್ಯೋ, ಕಚ್ಚೋ ವಯಸ್ಸು ಯಾವತ್ತೋ ಮುಗೀತು."

"ಹಾಗಾದ್ರೆ ಹೊಟ್ಟೆಕಿಚ್ಚು. ಹೊಸದು ಬಂದ್ರೆ ಹಳೇವಕ್ಕೆ ಜಾಗ ಹೋಯ್ತು ಅನ್ನಿಸುತ್ತೆ. ಸ್ವಲ್ಪ ದಿನ ಬೇರೆ ಕಡೆ ಇಡಿ."

ಮರುದಿನವೇ ವರದಿ ಬಂತು. ದೊಡ್ಡವೆರಡನ್ನೂ ಆ ಹೆಂಗಸು ಅತ್ತೆ ಮನೆಯಲ್ಲಿ ಬಿಟ್ಟು ಬಂದಿದ್ದಳಂತೆ. ಅತ್ತೆಯ ಮನೆಯಲ್ಲೂ ತೊಟ್ಟಿ ಇದೆ ಎಂದಾಯಿತು. ಅದನ್ನು ತನ್ನಂಗಡಿಯಲ್ಲಿ ಕೊಂಡಿರಲಿಕ್ಕಿಲ್ಲ ಎಂಬುದೊಂದೇ ಡಾಕ್ಟರಿಗೆ ಚುಚ್ಚಿದ ಸಂಗತಿ. ಬಂದ ಗಿರಾಕಿಗಳಿಗೆಲ್ಲ ಈ ಕೇಸಿನ ಕಥೆ ಹೇಳಿ, ಫೋನಿನಲ್ಲೇ ಮೀನು ಬದುಕಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ ಎಂದು ಮುಗಿಸುತ್ತಿದ್ದ.

ಆದರೆ ಮುಂದಿನ ಫೋನಿನಲ್ಲಿ ಹೆಂಗಸಿನ ದನಿಯೇ ಕುಗ್ಗಿತ್ತು.

"ನೀವು ಹೇಳಿದ್ದೆಲ್ಲ ಮಾಡ್ದೆ. ಸೊರಗಿಹೋಗ್ತಿದೆ. ಬಾಯಿ ತೆಗೆಯುತ್ತೆ, ಮುಚ್ಚುತ್ತೆ, ಅಷ್ಟೇ."

"ಮತ್ತೇನು, ಭಾಷಣ ಮಾಡುತ್ತಾ?"

"ಅಲ್ಲಿದ್ದಾಗ ಮನೆ ತುಂಬ ಅದರದ್ದೇ ಗಲಾಟೆಯಂತೆ, ಡಾಕ್ಟ್ರೇ."

"ಅಲ್ಲಿ ಅಂದ್ರೆ?"

"ನನ್ನ ತಂಗಿ ಮನೇಲಿ. ಅವಳು ತೀರಿಕೊಂಡ ಮೇಲೆ ನಾನು ಕರ್ಕೊಂಡ್ಬಂದೆ."

ಡಾಕ್ಟರಿಗೆ ರೇಗಿತು. ಯಾರದೋ ಮನೆಯ ಸರಕು. ಸತ್ತರೆ ಮಾತ್ರ ತನ್ನ ಹೆಸರಿಗೆ ಮಸಿ! ಕರ್ಕೊಂಡ್ಬಂದಳಂತೆ, ಕೈಹಿಡಿದು ನಡೆಸಿಕೊಂಡು ಬಂದವಳ ಹಾಗೆ.

"ನೋಡೀಮ್ಮಾ, ಕೆಲವು ಒಗ್ಗಲ್ಲ. ಮನಸ್ಸಿಗೆ ಹಚ್ಕೋಬೇಡಿ. ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡಿ."

"ಎಲ್ಲರೂ ಅದನ್ನೇ ಹೇಳ್ತಾರೆ." ಅವಳು ಅಳುತ್ತಿದ್ದಳು. "ಕೊಡಲ್ಲ ಡಾಕ್ಟ್ರೇ. ತಂಗಿಯದು ಅಂತ ನನಗೆ ಉಳಿದಿರೋದು ಅದೊಂದೇ. ಇನ್ನೇನು ಮಾಡ್ಲಿ ಹೇಳಿ."

ಒಂದು ಮೀನಿಗೆ ಇಷ್ಟು ಅಳುವವಳು ಮನುಷ್ಯರಿಗೆ ಎಷ್ಟು ಅಳುತ್ತಾಳೋ ಎಂದುಕೊಂಡ ಡಾಕ್ಟರ್. ಆದರೂ ಫೋನಿಡಲು ಮನಸ್ಸಾಗಲಿಲ್ಲ. ಅದು ಅವನಿಗೇ ಇಷ್ಟವಾಗಲಿಲ್ಲ.

"ಏನೂ ಮಾಡ್ಬೇಡಿ," ಎಂದ ಗಡಸಾಗಿ. "ಹೊತ್ತಿಗೆ ಸರಿಯಾಗಿ ತಿನ್ನೋಕೆ ಕೊಡಿ. ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ಳಿ. ಹಿಡಿಯೋಕೆ ಹೋಗ್ಬೇಡಿ. ನಿಮ್ಮ ನೆರಳು ರೂಢಿ ಆಗ್ಲಿ. ಒಂದಿನ ಅದೇ ಬಂದು ನಿಮ್ಮ ಕೈಯಿಂದ ತಿನ್ನುತ್ತೆ."

ಬೇರೇನೂ ತೋಚದಾಗ ಅವನು ಎಲ್ಲರಿಗೂ ಹೇಳುತ್ತಿದ್ದ ಮಾತದು.

ಆಮೇಲೆ ಫೋನು ಬರಲಿಲ್ಲ. ಸತ್ತಿರಬೇಕು ಎಂದುಕೊಂಡ. ಗಿರಾಕಿಗಳಿಗೆ ಮಾತ್ರ ಬದುಕಿತು ಎಂದೇ ಹೇಳಿದ. ಉಪ್ಪಿನ ಮಹಿಮೆ ಎಂದೂ ಸೇರಿಸಿದ.

ಒಂದು ಸಂಜೆ ಹೆಂಗಸೊಬ್ಬಳು ಅಂಗಡಿಯ ಬಾಗಿಲಲ್ಲಿ ನಿಂತು, "ನಾನೇ ಡಾಕ್ಟ್ರೇ, ಫೋನ್ ಮಾಡ್ತಿದ್ದವಳು," ಎಂದಳು. ಡಾಕ್ಟರ್ ಅವಳ ಕೈ ನೋಡಿದ. ನೀರು ತುಂಬಿದ ಚೀಲವಿಲ್ಲ, ಬಾಟಲಿಯಿಲ್ಲ.

"ಹೋಯ್ತಾ?" ಎಂದ, ಆದಷ್ಟು ಮೆತ್ತಗೆ.

"ಬಿಡ್ತು ಅನ್ನಿ! ಕೈಯಿಂದಲೇ ತಿನ್ನುತ್ತೆ ಈಗ. ದೊಡ್ಡವೂ ವಾಪಸ್ ಬಂದ್ವು, ಮೂರೂ ಒಟ್ಟಿಗೇ ಮಲಗ್ತಾವೆ. ನಿಮಗೆ ತೋರಿಸ್ಬೇಕು ಅಂತಲೇ ಬಂದೆ."

ಡಾಕ್ಟರ್ ಎದೆಯುಬ್ಬಿಸಿ ಹೆಂಡತಿಯತ್ತ ನೋಡಿದ. ಅವಳೇಕೋ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ತೋರಿಸಿ ಮತ್ತೆ. ಎಲ್ಲಿ ಅದು?"

ಹೆಂಗಸು ತನ್ನ ಬೆನ್ನ ಹಿಂದೆ ಅವಿತಿದ್ದ ಪುಟ್ಟ ಹುಡುಗಿಯನ್ನು ಮೆಲ್ಲನೆ ಮುಂದಕ್ಕೆ ತಂದಳು. "ಇದೇ, ಡಾಕ್ಟ್ರೇ. ಇವತ್ತು ಬೆಳಗ್ಗೆ ಮೊದಲ ಸಲ ಬಾಯಿಬಿಟ್ಟು ಕೇಳ್ತು: 'ದೊಡ್ಡಮ್ಮಾ, ತೊಟ್ಟಿಗೆ ಮೀನು ಯಾವಾಗ ತರೋದು?'"