ಬಳೆ ಕಟ್ಟಿದ ತಂತಿ

ಸುಟ್ಟುಹೋದ ಪಂಪಿನ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚಿ, ಎರಡು ತುದಿಗೂ ಅವಳ ಪ್ಲಾಸ್ಟಿಕ್ ಬಳೆ ಕಟ್ಟಿ, ತಾರಸಿಯ ಕಂಬದಿಂದ ಹಿತ್ತಲ ತೆಂಗಿನ ಮರಕ್ಕೆ ಎಳೆದು ಆಂಟೆನಾ ಮಾಡಿದವನು ಗಂಡನೇ. ಮನೆಯಿಂದಲೇ ರೇಡಿಯೊದಲ್ಲಿ ಮಾತಾಡಲು ಪರವಾನಗಿ ಕೊಡುವ ಹ್ಯಾಮ್ ಪರೀಕ್ಷೆಯನ್ನೂ ಅವಳಿಂದ ಅವನೇ ಬರೆಸಿದ್ದ.

"ಈ ತಂತಿ ಇದ್ರೆ ಅಂಡಮಾನಿಗೂ ಮಾತು ಮುಟ್ಟುತ್ತೆ. ಇಲ್ದಿದ್ರೆ ನಮ್ಮ ಬೀದಿ ಕೂಡ ದಾಟಲ್ಲ, ನೆನಪಿಟ್ಕೋ" ಎಂದು ಹೇಳಿ, ಅಲ್ಲಿನ ಯಾವುದೋ ದ್ವೀಪದ ದೀಪಸ್ತಂಭದ ಕೆಲಸಕ್ಕೆ ಹೊರಟುಹೋದ. ಅಲ್ಲಿ ಫೋನ್ ಸಿಗುವುದಿಲ್ಲವಂತೆ. ಅಂದಿನಿಂದ ದಿನಾ ಬೆಳಗ್ಗೆ ರೇಡಿಯೊದಲ್ಲೇ ಸಂಸಾರ.

ಇಂದೂ ತಾರಸಿಯ ಕೋಣೆಗೆ ಬಂದು ಸೆಟ್ ಹಾಕಿದಳು.

"ತಿಂಡಿ ಆಯ್ತೇನ್ರೀ? ಓವರ್."

"ಇಲ್ಲೇನು ತಿಂಡಿ ಕಣೇ, ಅದೇ ಒಣ ಬ್ರೆಡ್ಡು. ನಿನ್ನ ಉಪ್ಪಿಟ್ಟು ಕನಸಲ್ಲಿ ಬರುತ್ತೆ. ಓವರ್."

"ಈ ಹಬ್ಬಕ್ಕಾದ್ರೂ ಬರ್ತೀರಾ? ಓವರ್."

"ಹಡಗು ಸಿಗ್ಬೇಕಲ್ಲ. ಸಮುದ್ರ ಅಂದ್ರೆ ಬಸ್‌ಸ್ಟ್ಯಾಂಡ್ ಅಂದ್ಕೊಂಡ್ಯಾ? ಓವರ್."

ಅವಳು ನಕ್ಕಳು. ನಗುತ್ತಲೇ ಬಾಗಿಲ ಕಡೆ ತಿರುಗಿದಳು. ನಿನ್ನೆ ಕಾಯಿ ಕೀಳುವವನು ಮರ ಹತ್ತುವಾಗ ಅಡ್ಡವಾಗುತ್ತದೆಂದು ಅವಳೇ ಬಿಚ್ಚಿ ಸುತ್ತಿಟ್ಟಿದ್ದ ತಂತಿ, ಬಳೆಗಳ ಸಮೇತ, ಇನ್ನೂ ಮೊಳೆಯಲ್ಲೇ ನೇತಾಡುತ್ತಿತ್ತು. ಮತ್ತೆ ಕಟ್ಟುವುದು ಮರೆತೇಹೋಗಿತ್ತು.

"ಏನೇ, ನನ್ನ ಮಾತು ಕೇಳಿಸ್ತಿದೆ ತಾನೆ? ಓವರ್."

"ಚೆನ್ನಾಗಿ ಕೇಳಿಸ್ತಿದೆ" ಎಂದಳು. ಮಾತಾಡುವಾಗ ಒತ್ತಿಹಿಡಿಯುವ ಮೈಕಿನ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. "ನಮ್ಮ ಬೀದೀಲಿ ಯಾರ ಮನೇಲಿದ್ದೀರಿ? ಓವರ್."