ವಂಶದ ಬಾಟಲಿ

"ಬಾಗಿಲು ತೆಗೀರಿ! ವಿಶ್ವವಿದ್ಯಾಲಯದವರು!"

ಮೇಲಿನಿಂದ ಕೂಗು ಬಿದ್ದಾಗ ಕೋಲ್ಬಿಯ ಕೈಯಲ್ಲಿದ್ದ ಚೌಕ ಬಾಟಲಿಯ ತಳದಲ್ಲಿ ಇನ್ನೊಂದು ಗುಟುಕು ಉಳಿದಿತ್ತು. ನೆಲಮಾಳಿಗೆಯ ಹಾಡು ಗಕ್ಕನೆ ನಿಂತಿತು. ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಆ ಮೆಟ್ಟಿಲುಗಳ ಮೇಲೆ ಆಗಲೇ ಬೂಟಿನ ಸದ್ದು.

"ಮುಗ್ಸೋ ಬೇಗ," ಎಂದ ಪಕ್ಕದಲ್ಲಿದ್ದ ಅನ್ಸೆಲ್. ಅವನ ಮುಖ ಬಿಳಿಚಿಕೊಂಡಿತ್ತು. "ಒಂದು ತೊಟ್ಟೂ ಉಳೀಬಾರ್ದು."

ಕೋಲ್ಬಿ ಗಟಕ್ಕನೆ ನುಂಗಿದ.

ಅದು ಕಾಲೇಜು ಹುಡುಗರ ಸೋದರಕೂಟದ ಮನೆ. ಅಲ್ಲಿಗೆ ಸೇರುವ ಪ್ರತಿ ಹೊಸಬನಿಗೂ ಒಬ್ಬ ಹಿರಿಯನನ್ನು ದೊಡ್ಡಣ್ಣನೆಂದು ಗೊತ್ತುಮಾಡುತ್ತಾರೆ. ಕೋಲ್ಬಿಯ ಪಾಲಿಗೆ ಅನ್ಸೆಲ್. ಸೇರ್ಪಡೆಯ ದಿನ ದೊಡ್ಡಣ್ಣ ತನ್ನ ವಂಶದ, ಅಂದರೆ ದೊಡ್ಡಣ್ಣನಿಂದ ತಮ್ಮನಿಗೆ ಇಳಿದು ಬಂದ ಬಾಟಲಿಗೆ ವಿಸ್ಕಿ ತುಂಬಿಸಿ ತರಬೇಕು, ತಮ್ಮನಾದವನು ಅದನ್ನು ಕೂತಲ್ಲೇ ಖಾಲಿ ಮಾಡಬೇಕು. ಉಳಿದ ಸೋದರರೂ ತಂತಮ್ಮ ಬಾಟಲಿ ತಂದು ಸರಿಸಮಕ್ಕೆ ಕುಡಿಯಬೇಕು. ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಮುಟ್ಟಕೂಡದು. ಮುತ್ತಾತರ ಕಾಲದ ಪದ್ಧತಿ.

ಕಳೆದ ವರ್ಷ ಪಕ್ಕದ ಬೀದಿಯ ಮನೆಯಲ್ಲಿ ಒಬ್ಬ ಹುಡುಗ ಹೀಗೇ ಕುಡಿದು ಆಸ್ಪತ್ರೆ ಸೇರಿದ. ಮತ್ತೆ ತರಗತಿಗೆ ಬರಲೇ ಇಲ್ಲ. ಅಂದಿನಿಂದ ವಿಶ್ವವಿದ್ಯಾಲಯ ಕಾನೂನು ಬಿಗಿ ಮಾಡಿತು. ಯಾವಾಗ ಬೇಕಾದರೂ ಬಂದು, ಕುಡಿತ ಪತ್ತೆ ಹಚ್ಚುವ ಯಂತ್ರಕ್ಕೆ ಊದಿಸಬಹುದು. ಕುಡಿದು ಸಿಕ್ಕ ಹೊಸಬ ಒಂದು ವರ್ಷ ಕಾಲೇಜಿನಿಂದ ಹೊರಗೆ. ಊದಲು ಒಬ್ಬ ಒಲ್ಲೆನೆಂದರೂ ಇಡೀ ಮನೆಗೆ ಬೀಗ. ಎಲ್ಲರೂ ಹೆದರಿದರು, ನಿಜ. ಆದರೆ 'ಈ ಪದ್ಧತಿ ಬೇಡ' ಎಂದು ಮೊದಲು ಬಾಯಿ ಬಿಡುವ ಎದೆಗಾರಿಕೆ ಯಾರಿಗೂ ಬರಲಿಲ್ಲ. ಹೇಳುವುದಾದರೂ ಯಾರ ಮುಂದೆ? ಮನೆಯ ಅಧ್ಯಕ್ಷ ಗ್ರೇಡನ್ ಮುಂದೆಯೇ? ಬಾಟಲಿ ಬರಿದು ಮಾಡಿದ ಮರುದಿನವೂ ಸೂರ್ಯ ಹುಟ್ಟುವ ಮೊದಲೇ ಮೈದಾನ ಸುತ್ತುವ ಭೂಪ ಅವನು. ಇವತ್ತೂ ಶುರುವಿನಲ್ಲೇ ಗುಡುಗಿದ್ದ: "ಬಾಟಲಿ ವಿಷಯದಲ್ಲಿ ಮೋಸ ಮಾಡಿದೋನು ಅವತ್ತೇ ಗಂಟುಮೂಟೆ ಕಟ್ಬೇಕು. ಗೊತ್ತಾಯ್ತೇನ್ರೋ?"

ಎಲ್ಲರನ್ನೂ ಅಡುಗೆಮನೆಗೆ ಹತ್ತಿಸಿ ಸಾಲಾಗಿ ನಿಲ್ಲಿಸಿದರು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು. ಬಾಗಿಲಿಗೆ ಅಡ್ಡಲಾಗಿ ಇಬ್ಬರು ಕಾವಲುಗಾರರು. ತಪಾಸಣೆಯ ಮುಖ್ಯಸ್ಥೆ ಮಿಸೆಸ್ ಹಾಲ್ವರ್ಸನ್ ಹಳೆಯ ವಿದ್ಯಾರ್ಥಿಗಳ ಔತಣದಿಂದ ನೇರವಾಗಿ ಎದ್ದು ಬಂದಂತಿತ್ತು. ಕೋಟಿಗೆ ಸಿಕ್ಕಿಸಿದ್ದ ಹೂವು ಇನ್ನೂ ಬಾಡಿರಲಿಲ್ಲ.

"ಹೊಸಬರು ಮೊದಲು," ಎಂದರು ಆಕೆ, ಊದುವ ಯಂತ್ರ ಹೊರತೆಗೆಯುತ್ತ.

ಅವತ್ತಿನ ಹೊಸಬ ಕೋಲ್ಬಿ ಒಬ್ಬನೇ, ಸಾಲಿನ ಮೊದಲಲ್ಲೇ ಇದ್ದ. ಗೋಡೆಗೆ ಒರಗಿಕೊಂಡ. ಎದುರಿಗೆ ಫ್ರಿಜ್, ಅದರ ಮೇಲೆ ಗ್ರೇಡನ್‌ನ ದಪ್ಪಕ್ಷರದ ಚೀಟಿ: 'ಟೀ ಕದಿಯುವವನು ಸಿಕ್ಕರೆ ಚರ್ಮ ಸುಲಿಯುತ್ತೇನೆ.' ಎಷ್ಟು ತಂದಿಟ್ಟರೂ ಆ ಮನೆಯಲ್ಲಿ ಟೀ ಉಳಿಯುತ್ತಿರಲಿಲ್ಲ. ಸಕ್ಕರೆ ಡಬ್ಬಿ ಮಾತ್ರ ತುಂಬಿದ ಹಾಗೇ ಇರುತ್ತಿತ್ತು.

"ನೀನು ಊದಿದ್ರೆ ನನ್ ಕಥೆ ಮುಗೀತು ಕಣೋ," ಅನ್ಸೆಲ್ ಪಿಸುಗುಟ್ಟಿದ.

"ಊದ್ದೆ ಇದ್ರೆ ಮನೇಗೇ ಬೀಗ ಜಡೀತಾರೆ. ಆಗೇನ್ ಮಾಡ್ತೀಯ?"

ಅಪ್ಪ ಹೊರಗೆ ಹಾಕಿದ ಮೇಲೆ ತಲೆಯ ಮೇಲೆ ಸೂರು ಅಂತ ಅನ್ಸೆಲ್‌ಗಿದ್ದದ್ದು ಈ ಮನೆಯೊಂದೇ. ಅದು ಕೋಲ್ಬಿಗೂ ಗೊತ್ತು. ಊದಿದರೂ ಅನ್ಸೆಲ್ ಬೀದಿಗೆ, ಊದದಿದ್ದರೂ ಬೀದಿಗೆ.

ಉಳಿದದ್ದು ಒಂದೇ ಉಪಾಯ. ಕೋಲ್ಬಿ ತೂರಾಡುತ್ತ ಮುಂದೆ ಬಂದ.

"ಮೇಡಂ, ನಾನು ಕುಡ್ದಿದೀನಿ. ಒಪ್ಕೊಂಡೆ. ಒಂದು ವರ್ಷ ಹೊರಗೆ ಹಾಕಿ, ಹೋಗ್ತೀನಿ. ಇನ್ನು ಊದೋದ್ಯಾಕೆ?"

"ಬಾಯಿಮಾತು ನನಗೆ ಬೇಡಪ್ಪ. ಊದು."

"ಮೇಡಂ, ದಮ್ಮಯ್ಯ ಅಂತೀನಿ..."

"ಊದು!"

ಕೋಲ್ಬಿ ಕಣ್ಣು ಮುಚ್ಚಿ ಊದಿದ.

ಯಂತ್ರ ಸುಮ್ಮನಿತ್ತು. ಮಿಸೆಸ್ ಹಾಲ್ವರ್ಸನ್ ಅದನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. "ಸೊನ್ನೆ!"

ಗ್ರೇಡನ್ ನಿಧಾನವಾಗಿ ಅನ್ಸೆಲ್ ಕಡೆ ತಿರುಗಿದ. "ಲೋ, ಏನಿತ್ತೋ ಬಾಟಲೀಲಿ?"

"ಟೀ," ಎಂದ ಅನ್ಸೆಲ್. "ಹಾಲು, ಸಕ್ಕರೆ ಹಾಕದ ತಣ್ಣಗಿನ ಟೀ. ಬಣ್ಣ ವಿಸ್ಕಿ ಥರಾನೇ. ಇವನಿಗೂ ಆ ಹುಡುಗನ ಗತಿ ಬಂದ್ರೆ ಅಂತ ಭಯ ಆಯ್ತು. ನನ್ ಬಾಟಲೀಲೂ ಅದೇ ಇತ್ತು. ನನ್ನ ಹೊರಗೆ ಹಾಕೋದಾದ್ರೆ ಹಾಕು."

ಮೊದಲ ಗುಟುಕಿಗೇ ಕೋಲ್ಬಿಗೆ ಅದು ತಿಳಿದಿತ್ತು. ಅನ್ಸೆಲ್‌ನ ಗುಟ್ಟು ಉಳಿಸಲೆಂದೇ ಅವನು ಇಷ್ಟು ಹೊತ್ತು ತೊದಲಿದ್ದ, ತೂರಾಡಿದ್ದ, ಅಪಸ್ವರದಲ್ಲಿ ಹಾಡಿದ್ದ. ಎಲ್ಲ ನೀರಲ್ಲಿ ಹೋಮವಾಯಿತು.

ಅನ್ಸೆಲ್ ಊದಿದ. ಅವನದೂ ಸೊನ್ನೆ.

"ಮುಂದಿನವರು," ಎಂದರು ಮಿಸೆಸ್ ಹಾಲ್ವರ್ಸನ್. ಮುಂದೆ ಇದ್ದವನು ಗ್ರೇಡನ್.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಹಣೆಯ ಮೇಲೆ ಬೆವರು. "ಯಂತ್ರ ಕೆಟ್ಟಿದೆ ಮೇಡಂ. ಇದರಲ್ಲಿ ಊದೋದು ಬೇಡ."

ಆಕೆಗೂ ಅನುಮಾನ ಬಂದಿರಬೇಕು. ಬೇರೆ ಕೊಳವೆ ಸಿಕ್ಕಿಸಿ ತಾವೇ ಒಮ್ಮೆ ಊದಿದರು. ಔತಣದಲ್ಲಿ ಕುಡಿದ ಒಂದು ಲೋಟ ವೈನಿಗೆ ಯಂತ್ರ ಕಿರ್ರೆಂದು ಅರಚಿಕೊಂಡಿತು.

"ಚೆನ್ನಾಗೇ ಇದೆ," ಎಂದರು ಆಕೆ, ಸ್ವಲ್ಪ ಕೆಂಪಾಗಿ. "ಊದಪ್ಪ."

ಗ್ರೇಡನ್ ಊದಿದ. ಸೊನ್ನೆ. ಅವನು ತಲೆ ಎತ್ತಲಿಲ್ಲ. ಅವನ ಹಿಂದಿನವನೂ ತಲೆ ತಗ್ಗಿಸಿಕೊಂಡೇ ಊದಿದ. ಸೊನ್ನೆ. ಅವನ ಹಿಂದಿನವನೂ ಸೊನ್ನೆ. ಸಾಲು ಮುಗಿಯುವವರೆಗೆ ಯಂತ್ರ ಮತ್ತೆ ಸದ್ದು ಮಾಡಲಿಲ್ಲ.

ಆ ಮನೆಯಲ್ಲಿ ಟೀ ಕದಿಯದವನು ಒಬ್ಬನೂ ಇರಲಿಲ್ಲ.